ನಕ್ಷೆಗಾರರ ತುಂಡುಗೆರೆ

ದಾರಿ ಕೇಳಿದವರಿಗೆ ನಕ್ಷೆಗಾರರು ಬಾಯಿಂದ ದಾರಿ ಹೇಳಿದ್ದನ್ನು ಕಂಡವರಿಲ್ಲ. ಬೂದುಬಣ್ಣದ ಕೋಟಿನ ಜೇಬಿನಲ್ಲಿದ್ದ ಮೂರು ಪೆನ್ಸಿಲುಗಳಲ್ಲಿ ಗಟ್ಟಿಯಾದದ್ದನ್ನು ಆರಿಸಿ, ಕಾಗದವನ್ನು ಗೋಡೆಗೆ ಆನಿಸಿ, ಉತ್ತರ ದಿಕ್ಕಿನ ಬಾಣದಿಂದ ಮೊದಲುಗೊಂಡು ಬೀದಿ, ತಿರುವು, ಬಾಗಿಲುಗಳನ್ನೆಲ್ಲ ಬರೆದು ಕೈಗಿತ್ತು, "ನೋಡಿದ್ರೆ ತಿಳಿಯುತ್ತೆ" ಎಂದು ಹೊರಟುಬಿಡುವರು. ಅಷ್ಟರಲ್ಲಿ ಕೇಳಿದವನ ಬಸ್ಸು ತಪ್ಪಿದ್ದರೆ ಅದು ಬಸ್ಸಿನ ಅಪರಾಧ. ಕಚೇರಿಯ ಅಂಗಳವನ್ನು ಕೂಡ ಅವರು ಓರೆಯಾಗಿ ಹಾಯದೆ ಲಂಬಕೋನದಲ್ಲಿಯೇ ದಾಟುವುದನ್ನು ಕಂಡು, ಜೊತೆಯಲ್ಲಿ ದುಡಿಯುತ್ತಿದ್ದ ನಾವು ಮುಸಿಮುಸಿ ನಗುತ್ತಿದ್ದೆವು.

ಕೊಂಡವರು ಮನೆಯಲ್ಲೇ ಜೋಡಿಸಿಕೊಳ್ಳುವ ಮೇಜು, ಕಪಾಟುಗಳ ಪೆಟ್ಟಿಗೆಯೊಳಗೆ ಇಡುವ, ಜೋಡಿಸುವ ಬಗೆ ತೋರಿಸುವ ಹಾಳೆಯನ್ನು ಅವರು ಬರೆಯುತ್ತಿದ್ದರು. ಮುಂದಿನ ನೋಟ, ಮೇಲಿನ ನೋಟ, ಪಕ್ಕದ ನೋಟ. ಕಾಣುವ ಅಂಚಿಗೆ ತುಂಬುಗೆರೆ, ಹಲಗೆಯ ಮರೆಯಲ್ಲಿರುವುದಕ್ಕೆ ಬಿಟ್ಟು ಬಿಟ್ಟು ಎಳೆದ ತುಂಡುಗೆರೆ. ಗೆರೆಗಳ ಈ ವರ್ಣಮಾಲೆಯಲ್ಲಿ ಅವರಿಂದ ಕೂದಲೆಳೆಯಷ್ಟೂ ಲೋಪವಾದದ್ದಿಲ್ಲ. ಹಾಳೆ ಅರ್ಥವಾಗಲಿಲ್ಲವೆಂದು ಯಾರಾದರೂ ದೂರು ಬರೆದರೆ, "ಓದೋಕೆ ಬರದೋರು ಪುಸ್ತಕಾನ ಬೈದ ಹಾಗಾಯ್ತು" ಎನ್ನುತ್ತ ಕಾಗದವನ್ನು ಮಡಿಸಿ ಡ್ರಾಯರಿಗೆ ಸೇರಿಸುವರು.

ಅವರನ್ನು ಸಾಕಿ ಓದಿಸಿದವಳು ಅಕ್ಕ, ಹೊಲಿಗೆಯವಳು. ಬಟ್ಟೆ ಕತ್ತರಿಸಲೆಂದು ಆಕೆ ಎರಡು ಹಲಗೆಯ ಮೇಜೊಂದನ್ನು ತಂದು, ಹಾಳೆ ನೋಡಿ ತಾನೇ ಜೋಡಿಸಿದಳು. ಮೊದಲ ದಿನವೇ ಕತ್ತರಿ ಹಿಡಿದು ಭಾರ ಬಿಟ್ಟಾಗ ಮೇಜು ನಡುವೆ ಬಾಯಿಬಿಟ್ಟು ಆಕೆಯ ಬಲ ಮಣಿಕಟ್ಟು ಮುರಿಯಿತು. ಸುದ್ದಿ ಕೇಳಿ ಓಡಿಬಂದ ತಮ್ಮನಿಗೆ ಎಡಗೈಯಿಂದ ಹಾಳೆ ಚಾಚಿದಳು.

"ತುಂಡು ಗೆರೆ ಅಂದ್ರೆ ಹೊಲಿಗೆ ಬೀಳೋ ಜಾಗ ಅಲ್ವೇನೋ? ಅದಕ್ಕೇ ಗೆರೆಯುದ್ದಕ್ಕೂ ಸ್ಕ್ರೂ ಬಿಗಿದೆ. ಎರಡು ಮರದ ಪಟ್ಟಿ ಮಿಕ್ಕವು, ಹೆಚ್ಚಿಗೆ ಕೊಟ್ಟಿರಬೇಕು ಅಂದ್ಕೊಂಡೆ. ನನ್ನ ತಲೇಲಿರೋದು ಬರೀ ಹೊಟ್ಟು ಬಿಡು. ಬರೆದೋರು ಓದಿದೋರು, ಸರಿಯಾಗೇ ಬರೆದಿರ್ತಾರೆ."

ಹಾಳೆ ಅವರದೇ; ತಮ್ಮನ ಕೆಲಸ ಇಂಥ ಹಾಳೆ ಬರೆಯುವುದೆಂದು ಅಕ್ಕನಿಗೆ ತಿಳಿದಿರಲಿಲ್ಲ. ಹಲಗೆಗಳೆರಡನ್ನೂ ಅಡಿಯಿಂದ ಹಿಡಿದಿಡಬೇಕಾದ ಪಟ್ಟಿಗಳು ಮೇಲಿನ ನೋಟದಲ್ಲಿ ತುಂಡುಗೆರೆಯಾಗಿ, ಶಾಸ್ತ್ರೋಕ್ತವಾಗಿ, ನಿರ್ದುಷ್ಟವಾಗಿ ಮಲಗಿದ್ದವು. ಅಕ್ಕನ ಕಸುಬಿನಲ್ಲಿ ಆ ಗೆರೆಗೆ ಆಕೆ ಹೇಳಿದ್ದೇ ಅರ್ಥ. ನಾನೇ ಬರೆದದ್ದು ಎನ್ನಲು ಬಾಯಿ ತೆರೆದರು. ಹೊರಬಿದ್ದದ್ದು ಬೇರೆ ಮಾತು. "ಇರಲಿ ಬಿಡಕ್ಕಾ, ಇನ್ಮುಂದೆ ಸರಿಯಾಗಿ ನೋಡ್ಕೊಂಡು ಮಾಡು." ಆ ದನಿ ತಮ್ಮ ಕಿವಿಗೇ ಬಿದ್ದಾಗ ಭೂಮಿ ಬಾಯಿಬಿಡಬಾರದೇ ಎನಿಸಿತೆಂದು, ಎಷ್ಟೋ ಕಾಲದ ಮೇಲೆ, ನಮ್ಮೆದುರು ತಲೆತಗ್ಗಿಸಿ ಹೇಳಿದರು.

ಮರುದಿನ ಡ್ರಾಯರಿನ ಕಾಗದಗಳನ್ನು ಬಿಡಿಸಿದರೆ, ಒಂಬತ್ತು ಮಂದಿ ಒಂದೇ ಮಾತು ಬರೆದಿದ್ದರು: ಎರಡು ಪಟ್ಟಿ ಹೆಚ್ಚಾಗಿ ಬಂದಿವೆ.

ಹಳೆಯ ಹಾಳೆಯನ್ನು ಕಾರ್ಖಾನೆಯಿಂದ ಹಿಂದಕ್ಕೆ ತರಿಸಿದರು. ಮೇಜನ್ನು ಬೋರಲು ಹಾಕಿದಂತೆ, ಪಟ್ಟಿ ಹಿಡಿದ ಕೈಯನ್ನೂ ಸೇರಿಸಿ, ವಾರಗಟ್ಟಲೆ ಕೂತು ಹೊಸದಾಗಿ ಬರೆದರು. ಅಕ್ಕನ ಮುಂದಿಟ್ಟು, ತುಟಿ ಬಿಚ್ಚದೆ, ಆಕೆ ತೋರಿಸಿದಲ್ಲಿ ಸ್ಕ್ರೂ ಬಿಗಿಯುತ್ತ ಕೂತರು. ಎರಡು ಸಲ ಆಕೆ ಎಡವಿದಳು. ಎರಡು ಸಲವೂ ತಿದ್ದಿ ಬರೆದರು. ಮೂರನೆಯ ಸಲ ಮೇಜು ನಿಂತಿತು.

"ಇದನ್ನ ಬರೆದೋರು ಯಾರೋ, ಪುಣ್ಯಾತ್ಮರು!"

"ನಾನೇ ಅಕ್ಕ. ಹಳೇದೂ ನಾನೇ."

ಆಕೆ ಬ್ಯಾಂಡೇಜು ಸುತ್ತಿದ ಕೈಯನ್ನು ಮೇಜಿನ ಮೇಲಿಟ್ಟಳು. "ಕೈ ಹೋಗಲಿ ಬಿಡು. ಅವತ್ತೇ ಹೇಳಿದ್ರೆ, ನಾನು ದಡ್ಡಿ, ನಾನು ದಡ್ಡಿ ಅಂತ ಒಂದೂವರೆ ತಿಂಗಳು ಬಂದೋರಿಗೆಲ್ಲ ಹೇಳ್ಕೊಳ್ತಿರಲಿಲ್ಲವಲ್ಲೋ."

ಮಣಿಕಟ್ಟು ಕೊಂಚ ಸೊಟ್ಟಗೇ ಕೂಡಿತು. ದಪ್ಪ ಬಟ್ಟೆ ಕತ್ತರಿಸಲು ಭಾನುವಾರಗಳಂದು ಅವರು ಹೋಗುತ್ತಾರೆ. ಗೆರೆ ಹಾಕುವವಳು ಅಕ್ಕ.

ಲೋಪವಿಲ್ಲದ ಕೆಲಸವನ್ನೇ ಮಾನವೆಂದು ಬಗೆದ ಇಂಥ ಜನ ಎಲ್ಲ ಕಸುಬಿನಲ್ಲೂ ಇದ್ದಾರೆ. ಒರಟರೆಂದರೆ ಸಹಿಸುತ್ತಾರೆ, ಜಿಪುಣರೆಂದರೆ ನಗುತ್ತಾರೆ. "ತಪ್ಪು ನಿಮ್ಮದು" ಎಂಬ ಒಂದೇ ಒಂದು ಮಾತಿನಿಂದ ತಪ್ಪಿಸಿಕೊಳ್ಳಲು ಮಾತ್ರ, ತಮ್ಮನ್ನು ಎತ್ತಿ ಆಡಿಸಿದವರನ್ನೂ ದಡ್ಡರ ಸಾಲಿನಲ್ಲಿ ಕೂರಿಸಿ ಸುಮ್ಮನಿರಬಲ್ಲರು.