ಬಿಲ್ಲೆಯ ಮೇಲಿನ ಹೆಸರು

"ಇದಕ್ಕೆ ನಿಮ್ಮಪ್ಪನ ಹೆಸರೇ ಕೆತ್ತು, ಹೆಸ್ಟರ್. ಮೂವತ್ತು ವರ್ಷ ನನ್ನ ಹೆಸರಲ್ಲಿ ದುಡಿದಿದಾನೆ. ಕೊನೇದೊಂದಾದ್ರೂ ಅವನದಾಗ್ಲಿ," ಎಂದ ಯಜಮಾನ ಥರ್ಲ್‌ಬಿ. ಟೋಪಿ ಇಟ್ಟುಕೊಂಡು ಮೆಟ್ಟಿಲಿಳಿದ.

ಹೆಸ್ಟರ್ ಗಡಿಯಾರದ ಮುಖಕ್ಕೆ ಕೂರಿಸುವ ಹಿತ್ತಾಳೆಯ ಹೆಸರಿನ ಬಿಲ್ಲೆಯನ್ನು ಕಿಟಕಿಯ ಬೆಳಕಿಗೆ ಹಿಡಿದಳು. ಲಂಡನ್ನಿನ ಕ್ಲರ್ಕನ್‌ವೆಲ್ಲಿನ ಈ ಮಾಳಿಗೆಯಲ್ಲಿ ಅವಳಪ್ಪ ಆಂಬ್ರೋಸ್ ಪಿನಕ್ ಮೇಜಿನ ಗಡಿಯಾರಗಳ ಯಂತ್ರ ಕೂಡಿಸುತ್ತಿದ್ದ. ಅವುಗಳ ಬೆನ್ನಿನ ತಗಡಿನ ಮೇಲೆ ಬಳ್ಳಿ, ಹಕ್ಕಿ, ಹಣ್ಣಿನ ಬುಟ್ಟಿ ಕೆತ್ತುತ್ತಿದ್ದವಳು ಅವಳು, ಹನ್ನೊಂದು ವರ್ಷಗಳಿಂದ. ಆ ಕೆತ್ತನೆಯನ್ನು ಯಾರಾದರೂ ಹೊಗಳಿದರೆ ಅಪ್ಪ, "ನನ್ನ ಕೈ ಇನ್ನೂ ಬಿದ್ದಿಲ್ಲ ನೋಡಿ," ಅನ್ನುತ್ತಿದ್ದ. ಬ್ರಿಸ್ಟಲಿನಿಂದ ಕೆತ್ತನೆಗಾರ ಲ್ಯೂಕ್ ಬಂದು, ಇವಳನ್ನು ಮದುವೆಯಾಗಿ ಜೊತೆಯಲ್ಲೇ ಅಂಗಡಿ ಹಾಕುತ್ತೇನೆಂದು ಕೇಳಿದ್ದ. "ಕೆತ್ತನೆನಾ? ಇವಳು ಹಿತ್ತಾಳೆ ಉಜ್ಜೋಳು ಕಣಯ್ಯ. ಯಾರೋ ನಿಂಗೆ ಟೋಪಿ ಹಾಕಿದಾರೆ," ಎಂದು ಅಪ್ಪ ನಕ್ಕು ಕಳಿಸಿದ್ದ. ಲ್ಯೂಕ್ ಮತ್ತೆ ಬರಲಿಲ್ಲ.

ಈಗ ಅಪ್ಪನಿಗೆ ಕಣ್ಣು ಮಂಜು. ಚಿನ್ನದ ಲೇಪಕ್ಕೆ ಕಾಯಿಸಿದ ಪಾದರಸದ ಹೊಗೆ ಕುಡಿದೂ ಕುಡಿದೂ ಬೆರಳುಗಳಲ್ಲಿ ಸ್ಪರ್ಶ ಸತ್ತಿತ್ತು.

ಹೆಸ್ಟರ್ ಉಳಿ ಎತ್ತಿಕೊಂಡಳು. 'ಜಾನ್ ಥರ್ಲ್‌ಬಿ, ಲಂಡನ್' ಎಂದು ಕೆತ್ತಿದಳು. ಅಷ್ಟು ಚೆಂದದ ಅಕ್ಷರ ಅವಳಿಂದ ಹಿಂದೆಂದೂ ಬಂದಿರಲಿಲ್ಲ.

ಮರುದಿನ ಬೆಳಿಗ್ಗೆ ಗಡಿಯಾರ ನೋಡಿದ ಯಜಮಾನನ ಹುಬ್ಬು ಮೇಲೇರಿತು. ಹೆಸ್ಟರ್ ಅವನನ್ನು ನೆಟ್ಟಗೆ ನೋಡಿದಳು. ಅವನು ಕೆಮ್ಮಿ, ಬಿಷಪ್ ಮನೆಗೆ ಗಡಿಯಾರ ಕಳಿಸುವ ಪೆಟ್ಟಿಗೆಗೆ ಹುಲ್ಲು ತುಂಬಿಸಲು ಹೋದ.

ಆಂಬ್ರೋಸ್ ಗಡಿಯಾರದ ಗಾಜಿನ ಬಾಗಿಲು ತೆಗೆದು ಬಿಲ್ಲೆಯ ಮೇಲೆ ಬೆರಳಾಡಿಸಿದ. "ಓದೇ, ಏನಂತಿದೆ?"

"ಆಂಬ್ರೋಸ್ ಪಿನಕ್, ಲಂಡನ್."

"ಇನ್ನೊಂದ್ಸಲ ಓದು."

ಓದಿದಳು. ಮುದುಕನ ಗದ್ದ ಅದುರಿತು. ಕಣ್ಣೀರು ಗಾಜಿನ ಮೇಲೆ ಬಿತ್ತು. ಹೆಸ್ಟರ್ ಏಪ್ರನ್ನಿನಿಂದ ಗಾಜನ್ನಷ್ಟೇ ಒರೆಸಿದಳು.

"ಒಂದು ಮಾತು," ಅಪ್ಪ ದನಿ ತಗ್ಗಿಸಿದ. "ಅಕ್ಷರ ನೀನು ಕೆತ್ತಿದ್ದು ಅಂತ ಯಾರ ಹತ್ರನೂ ಬಾಯಿ ಬಿಡ್ಬೇಡ. ನಾನೇ ಕೆತ್ತಿದ್ದು ಅಂತಿರ್ಲಿ."

"ಆಗ್ಲಿ, ಅಪ್ಪಾ."

ಗಡಿಯಾರವನ್ನು ಗಾಡಿಗೆ ಏರಿಸಿದರು. ಆಂಬ್ರೋಸ್ ಗೋಡೆ ಹಿಡಿದು ಬೀದಿಗಿಳಿದ. ದಾರಿಯಲ್ಲಿ ಸಿಕ್ಕ ಹಾಲಿನವಳಿಗೆ, ಮೀನಿನವನಿಗೆ, "ನನ್ನ ಹೆಸರು ಹೋಗ್ತಿದೆ, ಬಿಷಪ್ ಮನೆಗೆ," ಎಂದ. ಮೂಲೆಯಲ್ಲಿ ಚಕ್ರದ ಸದ್ದು ಕೇಳಿದಾಗ ಟೋಪಿ ತೆಗೆದು, ನಡು ಬಗ್ಗಿಸಿ ನಿಂತ.

ಬಂದದ್ದು ಇದ್ದಿಲ ಗಾಡಿ. ಗಾಡಿಯವನು ತಬ್ಬಿಬ್ಬಾಗಿ, ತನ್ನ ಕಪ್ಪು ಕೈಯೆತ್ತಿ ತಿರುಗಿ ವಂದಿಸಿದ.