ಗೌಂಡಿ ಗದ್ದೆಪ್ಪನ ಹೊಟ್ಟೆಕಿಚ್ಚು

ಯಾವ ಚರ್ಚಿಗೆ ಹೋದರೂ ವೇದಿಕೆಗೆ ಬೆನ್ನು ಮಾಡಿ ನಿಲ್ಲುವ ಭಕ್ತನೆಂದರೆ ನಾನು ಕಂಡಂತೆ ಗದ್ದೆಪ್ಪನೊಬ್ಬನೇ. ಸಭೆಯೆಲ್ಲ ಕಣ್ಣುಮುಚ್ಚಿ ತಲೆಬಾಗಿಸಿದ್ದಾಗ ಗಾರೆಕೆಲಸ ಮಾಡುವ ಕಲ್ಲೂರಿನ ಈ ಗೌಂಡಿ ತಲೆಯೆತ್ತಿ, ಬಾಯಿ ಅರೆತೆರೆದು, ತಾನು ಒಳಬಂದ ಬಾಗಿಲಿನ ಮೇಲ್ಭಾಗವನ್ನೇ ದಿಟ್ಟಿಸುತ್ತಿದ್ದನು.

ಭಾನುವಾರಗಳಂದು ಸುತ್ತಲಿನ ಚರ್ಚುಗಳಲ್ಲಿ ದೇವರ ವಾಕ್ಯ ಬೋಧಿಸಲು ನಾನು ರಾಯಚೂರಿನಿಂದ ಹೊರಟರೆ ಆತ ಕಲ್ಲೂರಿನಲ್ಲಿ ಬಸ್ಸು ಹತ್ತಿ ಜೊತೆಯಾಗುತ್ತಿದ್ದನು. ನನ್ನ ಬೋಧನೆಯ ಆಕರ್ಷಣೆಯಿಂದಲ್ಲವೆಂಬುದು ಬೇಗನೆ ಮನವರಿಕೆಯಾಯಿತು. ಖಾಕಿ ಕೋಟಿನ ಎಡಜೇಬಿನಲ್ಲಿ ಗೋಡೆಯ ನೇರ ನೋಡುವ ಹಿತ್ತಾಳೆಯ ತೂಗುಗುಂಡು. ಅದರ ಭಾರಕ್ಕೆ ಕೋಟು ಜೋತು, ಕೋಟಿನೊಡನೆ ಆತನೂ ಎಡಕ್ಕೆ ವಾಲಿ ನಡೆಯುವನು. ಹಳೆಯ ಚರ್ಚು ಕಂಡೊಡನೆ ಹೊರಗೊಂದು ಪ್ರದಕ್ಷಿಣೆ. ಸುಣ್ಣದ ಗಾರೆಗೆ ಕೆನ್ನೆಯಿಟ್ಟು ತಂಪು ನೋಡುವುದು. ಮಾನ್ವಿಯಲ್ಲಂತೂ ಕಿಟಕಿಯ ಬಿಸಿಲು ನೆಲದ ಮೇಲೆ ಸರಿಯುವುದನ್ನು ನೋಡುತ್ತ ಕುಳಿತು, ಇಬ್ಬರಿಗೂ ಬಸ್ಸು ತಪ್ಪಿಸಿದ್ದನು.

ಆದರೆ ಆತನ ಮನಸ್ಸನ್ನು ಸುಟ್ಟದ್ದು ದೇವದುರ್ಗದ ಚರ್ಚು. ಊರಾಚೆಯ ದಿಬ್ಬದಲ್ಲಿ, ಎರಡು ಬೇವಿನ ಮರಗಳ ನೆರಳಿನಲ್ಲಿ ಕರಿಗಲ್ಲಿನ ಸಣ್ಣ ಕಟ್ಟಡ. ಪಡುವಣ ಬಾಗಿಲಿಗೊಂದು ಕಮಾನು. ಸಂಜೆಯ ಬೆಳಕು ಅದರೊಳಗಿಂದ ಹಾದು ವೇದಿಕೆಯವರೆಗೂ ಹಾಸಿಕೊಳ್ಳುತ್ತಿತ್ತು. ಕಟ್ಟಿದವನ ಹೆಸರು ಎಲ್ಲಿಯೂ ಇಲ್ಲ. ಆ ಅನಾಮಿಕನನ್ನು ಗದ್ದೆಪ್ಪ, ಪಕ್ಕದ ಓಣಿಯಲ್ಲೇ ಬದುಕಿರುವ ಪ್ರತಿಸ್ಪರ್ಧಿಯಂತೆ ಬೈಯುತ್ತಿದ್ದನು: "ಆ ಭಾಡ್ಯಾ ಹೆಂಗ ಕುಂದರಿಸ್ಯಾನ ನೋಡ್ರಿ ಕಲ್ಲು! ಕೂದಲು ಹೊಗಸಾಕ ಜಾಗ ಬಿಟ್ಟಿಲ್ಲ."

ನಲವತ್ತು ವರ್ಷ ಮನೆ ಕಟ್ಟಿದವನಿಗೆ ಒಂದು ಕಮಾನು ಕಟ್ಟಿಕೊಡೆಂದು ಯಾರೂ ಕೇಳಿರಲಿಲ್ಲ. ಎಲ್ಲರಿಗೂ ಸಿಮೆಂಟಿನ ನೇರ ತೊಲೆಯೇ ಸಾಕಾಗಿತ್ತು. ಆತನ ಹೆಂಡತಿ ಅನ್ನಮ್ಮ ನನಗೆ ಚಹಾ ಕೊಡುತ್ತ ಹೇಳುವಳು: "ಅಯ್ಯನವರ, ಈ ಮನಶಾ ಸತ್ತು ಮಣ್ಣಾದಾವನ ಮ್ಯಾಲ ಉರಕೊಂತಾನ. ಜೀವಂತ ಇದ್ದಾವ್ರು ಸಾಲವಲ್ರು ಇವಗ!"

ಕಳೆದ ವರ್ಷ ಆ ಕಮಾನಿನಲ್ಲಿ ಬಿರುಕು ಕಾಣಿಸಿತು. ಸಭೆಯ ಕಾರ್ಯದರ್ಶಿ ಕಿರಣಕುಮಾರ ಗದ್ದೆಪ್ಪನನ್ನೇ ಕರೆಸಿದನು. "ನೋಡಿ ಹೇಳ್ರಿ, ಮಾಮಾ. ಕೆಡವೂದಾದ್ರ ಹೊಸಾದು ನೀವ ಕಟ್ರಿ. ನಿಮ್ಮ ಹೆಸರೂ ಕೆತ್ತಸ್ತೀವಿ."

ಗದ್ದೆಪ್ಪ ನಿಚ್ಚಣಿಕೆ ಹತ್ತಿ ಒಂದೊಂದೇ ಕಲ್ಲನ್ನು ಬೆರಳಗೆಣ್ಣಿನಿಂದ ತಟ್ಟಿ, ಕಿವಿಯಿಟ್ಟು ಆಲಿಸಿ, ಬಹಳ ಹೊತ್ತಿನ ಮೇಲೆ ಇಳಿದನು. "ಕೆಡವ್ರಿ," ಎಂದನು, ಯಾರ ಮುಖವನ್ನೂ ನೋಡದೆ.

ಮರುದಿನ ಬೆಳಿಗ್ಗೆ ಆಳುಗಳು ಹಾರೆ ಹಿಡಿದು ಬಂದರು; ದೇವದುರ್ಗದಲ್ಲೇ ತಂಗಿದ್ದ ನಾನೂ ಅಲ್ಲಿದ್ದೆ. ಮೊದಲ ಏಟಿಗೆ ಕಲ್ಲು ಗಂಟೆಯಂತೆ ನಾದಗೊಟ್ಟಿತು. ಎರಡನೆಯ ಏಟು ಬೀಳುವ ಮೊದಲೇ ಗದ್ದೆಪ್ಪ ಹಾರೆಯನ್ನು ಎರಡೂ ಕೈಗಳಿಂದ ಹಿಡಿದುಕೊಂಡಿದ್ದನು.

"ಬಿಡ್ರಲೇ! ಗಾರಿ ಅಷ್ಟ ಬಿರಿದದ, ಕಲ್ಲಿಗೆ ಏನೂ ಆಗಿಲ್ಲ. ನಮ್ಮ ಮೊಮ್ಮಕ್ಕಳ ಕಾಲಕ್ಕೂ ನಿಲ್ತದ."

"ಮತ್ತ ನಿನ್ನಿ ಕೆಡವ್ರಿ ಅಂದ್ರಲ್ಲಾ?" ಕಿರಣಕುಮಾರನಿಗೆ ಸಿಟ್ಟು ಬಂದಿತ್ತು.

"ಹೊಟ್ಟಿಕಿಚ್ಚಿಗೆ ಅಂದೆ, ತಮ್ಮಾ."

ಆಳುಗಳು ನಕ್ಕರು. ನನಗೆ ನಗು ಬರಲಿಲ್ಲ. ಪಾಪನಿವೇದನೆಯ ಕುರಿತು ಮೂವತ್ತು ವರ್ಷ ಬೋಧಿಸಿದ ನಾನು ಅಷ್ಟು ಚಿಕ್ಕ ಮಾತಿನಲ್ಲಿ, ಅಷ್ಟು ಜನರೆದುರು ಒಮ್ಮೆಯೂ ನನ್ನ ಪಾಪವನ್ನು ನುಡಿದವನಲ್ಲ. ಆ ಕ್ಷಣ ಆತನನ್ನು ಕಂಡು ನನ್ನ ಹೊಟ್ಟೆಯೂ ಉರಿಯಿತು. ಗದ್ದೆಪ್ಪ ಮೂರು ದಿನ ಅಲ್ಲೇ ಉಳಿದು, ಸುಣ್ಣ ಅರೆದು, ಹಳೆಯ ಗಾರೆಯ ಬಣ್ಣಕ್ಕೆ ಬಣ್ಣ ಹೊಂದಿಸಿ ಬಿರುಕು ತುಂಬಿದನು. ಈಗ ಹುಡುಕಿದರೂ ಆತನ ಕೈಗುರುತು ಸಿಗದು.

ಅಸೂಯೆ ನಾಶಕರವೆಂದು ಈಗಲೂ ಬೋಧಿಸುತ್ತೇನೆ. ಬೋಧಿಸುವಾಗ ಧ್ವನಿ ಮಾತ್ರ ತುಸು ತಗ್ಗುತ್ತದೆ. ಹಳೆಯ ಗುಡಿಗಳನ್ನು ನೋಡಿ ಆಹಾ ಎಂದು ಮೆಚ್ಚಿ ಹೋಗುವ ನಮ್ಮಂಥವರು ಅಸಂಖ್ಯ. ನಮ್ಮ ಮೆಚ್ಚುಗೆಯ ಕಣ್ಣೆದುರೇ ಅವು ಬೀಳುತ್ತವೆ. ಇದು ತನ್ನಿಂದಾಗಲಿಲ್ಲವೆಂದು ಕರುಳು ಬೇಯುವಷ್ಟು ಕಸುಬು ಬಲ್ಲವರು ವಿರಳ. ಅವರಿಗೆ ಹೊಗಳಲು ಬಾರದು, ಕ್ಷಮಿಸಲೂ ಬಾರದು. ತಮ್ಮನ್ನು ಸೋಲಿಸಿದವನ ಕೆಲಸಕ್ಕೆ ಕಾವಲು ನಿಲ್ಲುವವರು ಮಾತ್ರ ಅವರೇ.