ಅರವತ್ತು ಜೋಡಿ ಗ್ಯಾಲಕ್ಸಿ

ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವವರ ಪೈಕಿ ನಾನು. ಕೆಲವು ಗ್ಯಾಲಕ್ಸಿಗಳ ಕೇಂದ್ರದಲ್ಲಿರುವ ದೈತ್ಯ ಕಪ್ಪುಕುಳಿ ಸುತ್ತಲಿನ ಅನಿಲವನ್ನು ನುಂಗುವಾಗ ಆ ನಡು ಧಗಧಗ ಉರಿಯುತ್ತದೆ. ಅಂಥ ಗ್ಯಾಲಕ್ಸಿಗಳು ನೆರೆಯವುಗಳ ಎಳೆತಕ್ಕೆ ಸಿಕ್ಕು ಸೊಟ್ಟಗಾಗಿರುತ್ತವೆ ಎಂಬುದು ನಾಲ್ಕು ವರ್ಷದಿಂದ ನನ್ನ ವಾದ. ಉರಿಯುವ ಒಂದೊಂದಕ್ಕೂ ಅಷ್ಟೇ ತೂಕದ, ಅಷ್ಟೇ ದೂರದ ಶಾಂತ ಗ್ಯಾಲಕ್ಸಿ ಹುಡುಕಿ ಅರವತ್ತು ಜೋಡಿ ಕಟ್ಟಿದ್ದೆ. ಐವತ್ತೆರಡು ಜೋಡಿಗಳಲ್ಲಿ ಉರಿಯುವುದೇ ಹೆಚ್ಚು ಸೊಟ್ಟಗೆ ಕಂಡಿತ್ತು. ನನ್ನ ಪಿಎಚ್.ಡಿ. ನಿಂತದ್ದು ಅದರ ಮೇಲೆ.

"ಯಾವುದು ಉರೀತಿದೆ ಅಂತ ಗೊತ್ತಿಟ್ಕೊಂಡೇ ನೋಡಿದೀಯ," ಎಂದರು ಗೈಡ್ ಮೇಡಂ. "ನಡು ಮುಚ್ಚಿ, ಏನೂ ಗೊತ್ತಿಲ್ಲದವರಿಗೆ ತೋರಿಸು."

ಭಾನುವಾರ ಮಧ್ಯಾಹ್ನ ಅಕ್ಕನ ಹೊಲಿಗೆ ಅಂಗಡಿಗೆ ಹೋದೆ. ಹೊಲಿಗೆ ಕೂದಲೆಳೆಯಷ್ಟು ಓರೆಯಾದರೂ ಹಿಡಿಯುವ ಕಣ್ಣು ಅವಳದು. ಅವಳನ್ನು ಆಚೆ ತಿರುಗಿಸಿ ನಿಲ್ಲಿಸಿ, ಮೇಜಿನ ಮೇಲೆ ಚಿತ್ರಗಳನ್ನು ಹರಡಿ, ಪ್ರತಿಯೊಂದರ ನಡುವಿಗೂ ಕೋಟಿನ ಕಪ್ಪು ಗುಂಡಿ ಇಟ್ಟೆ.

ಅಕ್ಕ ಕನ್ನಡಕ ಏರಿಸಿ, ಜೋಡಿಗೊಂದರಂತೆ ಸೊಟ್ಟಗಿರುವುದಕ್ಕೆ ಸೀಮೆಸುಣ್ಣದ ಗೀಟು ಹಾಕಿದಳು. ಎಣಿಸಿದೆ. ಅವುಗಳಲ್ಲಿ ಉರಿಯುವವು ಮೂವತ್ತೊಂದು. ನಾಣ್ಯ ಚಿಮ್ಮಿದ್ದರೂ ಅಷ್ಟು ಬರುತ್ತಿತ್ತು.

"ನೀನು ಸರಿಯಾಗಿ ನೋಡ್ಲೇ ಇಲ್ಲ," ಎಂದು ರೇಗಿದೆ.

"ಎರಡೂ ಒಂದೇ ಥಾನಿನ ಬಟ್ಟೆ ಇದ್ದಂಗಿವೆ. ನಾನೇನು ಮಾಡ್ಲಿ? ಗುಂಡಿ ಇಟ್ಟು ನೀನೇ ನೋಡು."

ಅವಳೇ ಚಿತ್ರಗಳನ್ನು ಅಡ್ಡಾದಿಡ್ಡಿ ತಿರುಗಿಸಿ, ಗುಂಡಿ ಇಟ್ಟು ಕರೆದಳು. ನಾಲ್ಕು ವರ್ಷ ನೋಡಿದ ಮುಖಗಳು, ನಡು ಮುಚ್ಚಿದ ಮೇಲೆ ಗುರುತೇ ಹತ್ತಲಿಲ್ಲ. ನನ್ನ ಲೆಕ್ಕ ಇಪ್ಪತ್ತೊಂಬತ್ತಕ್ಕೆ ನಿಂತಿತು. ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ. ಆ ಬೆಳಕು ನೋಡಿಯೇ ನಾನು ಸೊಟ್ಟು ಕಂಡಿದ್ದೆ.

ಶಾಂತ ಗ್ಯಾಲಕ್ಸಿಯೊಂದರ ಗುಂಡಿ ತೆಗೆಯಹೋದ ಕೈ ಅಲ್ಲೇ ನಿಂತಿತು. ಉರಿಯುವವುಗಳ ಒಳಗಿರುವಂಥದೇ ದೈತ್ಯ ಕಪ್ಪುಕುಳಿ ಇದರ ಒಳಗೂ ಇದೆ, ನುಂಗಲು ಅನಿಲವಿಲ್ಲ ಅಷ್ಟೇ, ಎಂದೆ ಅಕ್ಕನಿಗೆ. ಪುಸ್ತಕದಲ್ಲಿ ಎಷ್ಟೋ ಸಲ ಓದಿದ್ದೆ, ಈಗಷ್ಟೇ ನಂಬಿದೆ.

"ಇದೂ ಉರೀಬಹುದಾ?" ಅಕ್ಕ ಕೇಳಿದಳು.

"ಹಿಂದೆ ಉರಿದಿರಬಹುದು. ಮುಂದೆ ಉರೀಬಹುದು. ತುತ್ತು ಬಿದ್ರೆ ಸಾಕು."

"ನಾವಿರೋ ಗ್ಯಾಲಕ್ಸಿ?"

"ನಲವತ್ತು ಲಕ್ಷ ಸೂರ್ಯರ ತೂಕದ್ದು ನಡುವಲ್ಲಿ ಉಪವಾಸ ಮಲಗಿದೆ."

ಅಕ್ಕ ಮೆಲ್ಲನೆ ಕುರ್ಚಿಯಲ್ಲಿ ಕೂತಳು. ಮೇಡಂಗೆ ಫೋನ್ ಮಾಡಿ, ನನ್ನ ವಾದ ಬಿತ್ತು, ಎರಡಕ್ಕೂ ವ್ಯತ್ಯಾಸ ಕಾಣಲಿಲ್ಲ ಎಂದೆ.

"ಧ್ವನಿ ನಡುಗ್ತಿದೆಯಲ್ಲ. ಅಳ್ತಿದೀಯಾ?"

"ಇಲ್ಲ ಮೇಡಂ. ಇಷ್ಟು ದಿನ ಅರವತ್ತು ದೈತ್ಯರು ಅಂದ್ಕೊಂಡಿದ್ದೆ. ನೂರ ಇಪ್ಪತ್ತು ಇದಾರೆ."